ಲೆನ್ಸ್ ಪಟ್ಟಿಗೂ ಒಂದು ನಕಲು ಬೇಕು
ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಬ್ಯಾಟರಿ ಎಂದು ಛಾಯಾಗ್ರಾಹಕರು ಮೊದಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಈಗ ಅದಕ್ಕೂ ತಂತ್ರಾಂಶಗಳಿವೆ. ಆರ್ಟೆಮಿಸ್‌ನಂಥ ಆ್ಯಪ್, 35 ಎಂಎಂ ಲೆನ್ಸಿನಲ್ಲಿ ಎಷ್ಟು ದೃಶ್ಯ ಹಿಡಿಯುತ್ತದೆಂದು ಫೋನಿನಲ್ಲೇ ತೋರಿಸುತ್ತದೆ. ಆಯ್ದ ಲೆನ್ಸ್ ಸೆನ್ಸರನ್ನು ಪೂರ್ತಿ ಆವರಿಸುತ್ತದೆಯೇ, ಅಂಚು ಕಪ್ಪಾಗುತ್ತದೆಯೇ ಎಂಬುದನ್ನು ಕ್ಯಾಮೆರಾ ತಯಾರಿಸುವ ಆ್ಯರಿ ಕಂಪನಿಯ ಜಾಲತಾಣದಲ್ಲೇ ನೋಡಬಹುದು. ಬಾಡಿಗೆಗೆ ತಂದ ಲೆನ್ಸ್ ಹೊಂದದೆ ಬೆಳಗಿನ ಬೆಳಕನ್ನೇ ಕಳೆದುಕೊಳ್ಳುವ ಸಂಕಟ ಇದರಿಂದ ತಪ್ಪುತ್ತದೆ. ಆದರೆ ವಾರಗಟ್ಟಲೆ ಕೂತು ಮಾಡಿದ ಈ ಪಟ್ಟಿ ಒಂದೇ ಲ್ಯಾಪ್‌ಟಾಪಿನಲ್ಲಿದ್ದರೆ ಗತಿಯೇನು? 1998ರಲ್ಲಿ ಆ್ಯನಿಮೇಷನ್ ಸ್ಟುಡಿಯೊ ಪಿಕ್ಸಾರ್‌ನಲ್ಲಿ ತಪ್ಪು ಕಮಾಂಡ್ ಒಂದು ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳನ್ನು ಅಳಿಸಿಹಾಕಿತು. ಬ್ಯಾಕಪ್ ಕೂಡ ಕೆಟ್ಟಿತ್ತು. ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಅಲ್ಲಿನ ಉದ್ಯೋಗಿ ಗ್ಯಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿದ್ದ ನಕಲು ಆ ಚಿತ್ರವನ್ನು ಉಳಿಸಿತು. ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ಅದೃಷ್ಟಕ್ಕಿಂತ, ಯಾರೂ ತೆರೆದು ನೋಡದ ಬ್ಯಾಕಪ್. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಬ್ಯಾಕಪ್ ಸೂತ್ರ ಸರಳವಾಗಿದೆ: 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಬೇರೆಡೆ. ಜೊತೆಗೆ ಪಟ್ಟಿಯ ಪಿಡಿಎಫ್ ಒಂದನ್ನೂ ತೆಗೆದಿಡಿ. ತಂತ್ರಾಂಶದ ಚಂದಾ ಮುಗಿದ ಮೇಲೂ ಅದು ತೆರೆಯುತ್ತದೆ.