ಇಡೀ ರಾತ್ರಿ ಕೂರುವ ಪ್ರೇಕ್ಷಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದೊಡ್ಡಾಟ ಶುರುವಾದರೆ ಮಂಗಳ ಹಾಡುವುದು ಬೆಳಗಿನ ಜಾವಕ್ಕೆ. ದ್ರೌಪದಿ ವಸ್ತ್ರಾಪಹರಣ ಆಡಿದರೆ ಕೃಷ್ಣ ಬಂದೇ ಬರುತ್ತಾನೆಂದು ಕೂತವರಿಗೆಲ್ಲ ಗೊತ್ತು. ಆದರೂ ಯಾರೂ ಏಳುವುದಿಲ್ಲ. ತುಂಬಿದ ಸಭೆಯಲ್ಲಿ ಅವಳು ಹಿರಿಯರನ್ನು ಹೇಗೆ ಕೇಳುತ್ತಾಳೆ ಎಂಬುದಕ್ಕೆ ಕಾಯುತ್ತಾರೆ. ಜನಕ್ಕೆ ತಾಳ್ಮೆಯಿಲ್ಲ, ಸುತ್ತಿ ಬಳಸಿ ಹೇಳಿದ ಕತೆ ತಿಳಿಯುವುದಿಲ್ಲ ಎಂದು ಸಿನಿಮಾ ವ್ಯಾಪಾರಿಗಳು ಹೇಳಿದಾಗಲೆಲ್ಲ ನನಗೆ ಈ ಪ್ರೇಕ್ಷಕರು ನೆನಪಾಗುತ್ತಾರೆ. ಇವರ ಮೇಲೆ ಭರವಸೆ ಇಲ್ಲದಿದ್ದರೆ ರಾಜಕಾರಣಿ ಎಂ.ಪಿ. ಪ್ರಕಾಶ್ ಹಡಗಲಿಯಲ್ಲಿ ರಂಗಭಾರತಿ ಎಂಬ ನಾಟಕ ಸಂಸ್ಥೆಯನ್ನು ಕಟ್ಟುತ್ತಲೇ ಇರಲಿಲ್ಲ.

ವ್ಯಾಪಾರಿಗಳ ಆ ಮಾತಿಗೆ ಬಲಿಯಾದ ದೊಡ್ಡ ಚಿತ್ರ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ'. ಇಟಲಿಯ ಸೆರ್ಜಿಯೊ ಲಿಯೋನೆ ಹತ್ತು ವರ್ಷಕ್ಕೂ ಮಿಕ್ಕಿ ಇದರ ಬೆನ್ನುಬಿದ್ದಿದ್ದರು. 'ದಿ ಗಾಡ್‌ಫಾದರ್' ಕೈಗೆ ಬಂದರೂ ಬೇಡವೆಂದರು. ಎನ್ನಿಯೊ ಮೊರಿಕೋನೆ ಮೊದಲೇ ಕಟ್ಟಿಕೊಟ್ಟ ಸಂಗೀತವನ್ನು ಚಿತ್ರೀಕರಣದ ಜಾಗದಲ್ಲೇ ಕೇಳಿಸಿ, ನಟರ ನಡಿಗೆ, ಮೌನಗಳನ್ನು ಅದಕ್ಕೆ ಹೊಂದಿಸಿದರು. 1984ರ ಕಾನ್ ಉತ್ಸವದಲ್ಲಿ ಚಿತ್ರ 229 ನಿಮಿಷವಿತ್ತು. ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಅದನ್ನು 139ಕ್ಕೆ ಇಳಿಸಿದರು. ಅಷ್ಟಕ್ಕೇ ಬಿಡದೆ, ನೂಡಲ್ಸ್ ಎಂಬ ಗ್ಯಾಂಗ್‌ಸ್ಟರನ ನೆನಪಿನಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದ ಕತೆಯನ್ನು ಬಾಲ್ಯ, ಯೌವನ, ಮುಪ್ಪು ಎಂದು ಸಾಲಾಗಿ ಜೋಡಿಸಿದರು.

ದುಡ್ಡು ಹಾಕಿದವರಿಗೆ ದಿನಕ್ಕೆ ನಾಲ್ಕು ಆಟ ನಡೆಯಬೇಕು. ಉದ್ದ ಕಡಿಮೆ ಮಾಡಿ ಎಂದು ಕೇಳುವುದು ತಪ್ಪಲ್ಲ. ಕ್ರಮ ಕೆಡಿಸುವುದು ಬೇರೆಯೇ ಮಾತು. ಕೊಲೆ ಮೊದಲು, ಫಲ ಆಮೇಲೆ ಎಂದು ಜೋಡಿಸಿದ ರೌಡಿ ಕತೆ ಠಾಣೆಯ ದಾಖಲೆಯಾಗುತ್ತದೆ. ಲಿಯೋನೆ ಮಳೆಯಲ್ಲಿ ಬಿದ್ದ ಗೆಳೆಯರ ಹೆಣಗಳನ್ನು ಮೊದಲು ತೋರಿಸಿ, ಅದೇ ಗೆಳೆಯರನ್ನು ಆಮೇಲೆ ಬೀದಿ ಹುಡುಗರಾಗಿ ನಮ್ಮ ಮುಂದೆ ಓಡಿಸುತ್ತಾರೆ. ಅವರ ಪ್ರತಿ ನಗುವೂ ನಮ್ಮನ್ನು ಇರಿಯುತ್ತದೆ. ಪೊಲೀಸರಿಗೆ ಫೋನ್ ಮಾಡಿ ಅವರನ್ನು ಹಿಡಿದುಕೊಟ್ಟ ನೂಡಲ್ಸ್‌ನ ಸಂಕಟ ಸಾಲಾಗಿ ಹೇಳಿದರೆ ದಕ್ಕುವುದಿಲ್ಲ.

ಹಿಂದುಮುಂದಾಗಿ ಹೇಳಿದ ಕತೆಯೂ ಜನಕ್ಕೆ ತಿಳಿಯುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಪುರಾವೆ ಇದೆ. 1995ರಲ್ಲಿ ಬಂದ ಉಪೇಂದ್ರರ 'ಓಂ' ಪುರೋಹಿತನ ಮಗ ಭೂಗತ ಲೋಕಕ್ಕೆ ಇಳಿಯುವ ಕತೆ. ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡರು. ಕತೆಯೂ ಹಿಂದುಮುಂದಾಗಿಯೇ ಸಾಗುತ್ತದೆ. ಪಾರ್ವತಮ್ಮ ರಾಜ್‌ಕುಮಾರ್ ದುಡ್ಡು ಹಾಕಿದರು, ಶಿವರಾಜ್‌ಕುಮಾರ್ ನಟಿಸಿದರು, ಜನ ಗಲಿಬಿಲಿಗೊಳ್ಳಲಿಲ್ಲ. ಮತ್ತೆ ಮತ್ತೆ ಬಿಡುಗಡೆಯಾಗುತ್ತ ಅದು ವರ್ಷಗಟ್ಟಲೆ ಓಡಿತು.

ಲಿಯೋನೆಯ ಚಿತ್ರ 251 ನಿಮಿಷವಾಗಿ ಕಾನ್‌ಗೆ ಮರಳಿದ್ದು 2012ರಲ್ಲಿ, ಅವರು ತೀರಿಕೊಂಡು 23 ವರ್ಷಗಳಾದ ಮೇಲೆ. ನಮ್ಮಲ್ಲಿ ಹೀಗಾಗದಂತೆ, ನಿರ್ದೇಶಕರ ಒಪ್ಪಿಗೆಯಿಲ್ಲದೆ ದೃಶ್ಯಗಳ ಕ್ರಮ ಬದಲಿಸಬಾರದೆಂಬ ಒಂದು ಸಾಲನ್ನು ನಮ್ಮ ನಿರ್ಮಾಪಕರು ಕರಾರು ಪತ್ರದಲ್ಲೇ ಬರೆದುಕೊಡಲಿ.