ಹೊಸಿಲಾಚೆಯ ಹೆಜ್ಜೆ

ಸ್ವದೇಶವನ್ನು ತೊರೆದು ಪರದೇಶದಲ್ಲಿ ನೆಲೆಸುವ ಕುಟುಂಬದಲ್ಲಿ ಪುರುಷನಿಗೆ ಉದ್ಯೋಗವು ಹೊರಜಗತ್ತಿನ ಬಾಗಿಲನ್ನು ತೆರೆಯುತ್ತದೆ. ಮಕ್ಕಳಿಗೆ ಶಾಲೆಯು ಗೆಳೆಯರನ್ನು ಕೊಡುತ್ತದೆ. ಅವರೊಡನೆ ಹೋದ ಗೃಹಿಣಿಗೆ ಉಳಿಯುವುದು ಅನೇಕ ವೇಳೆ ನಾಲ್ಕು ಗೋಡೆಗಳು ಮಾತ್ರ. ಭಾಷೆ ಬಾರದು, ದಾರಿ ತಿಳಿಯದು, ನೆರೆಯವರ ಪರಿಚಯವಿಲ್ಲ. ಇಂಥ ಒಂಟಿತನವು ದೇಹವನ್ನೂ ಮನಸ್ಸನ್ನೂ ಒಟ್ಟಿಗೇ ಕುಗ್ಗಿಸುತ್ತದೆ.

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ತಿಳಿಸುತ್ತದೆ. ಅದೇ ಸಂಸ್ಥೆಯ ಗಣನೆಯಂತೆ 2022ರಲ್ಲಿ ಜಗತ್ತಿನ ಸ್ತ್ರೀಯರಲ್ಲಿ ಶೇ. 34ರಷ್ಟು, ಪುರುಷರಲ್ಲಿ ಶೇ. 29ರಷ್ಟು ಮಂದಿ ಅಗತ್ಯವಾದಷ್ಟು ದೇಹಶ್ರಮ ಮಾಡುತ್ತಿರಲಿಲ್ಲ. ಈ ಅಂತರಕ್ಕೆ ಸ್ತ್ರೀಯರ ಆಲಸ್ಯವೇ ಕಾರಣವೆಂದರೆ ಅನ್ಯಾಯವಾದೀತು. ಸಾರ್ವಜನಿಕ ಸ್ಥಳವು ಯಾರಿಗಾಗಿ ರೂಪುಗೊಂಡಿದೆ ಎಂಬುದನ್ನು ನಾವು ಮೊದಲು ವಿಚಾರಿಸಬೇಕು.

ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ಈ ವಿಚಾರಣೆ ನಡೆಯಿತು. ಒಂಬತ್ತು ವರ್ಷ ದಾಟಿದ ಬಾಲಕಿಯರು ಉದ್ಯಾನಗಳಿಂದ ಮರೆಯಾಗುತ್ತಿದ್ದುದು ಕಂಡುಬಂದಿತು. ಇರುವ ಒಂದೇ ಬಯಲನ್ನು ಬಾಲಕರು ಆವರಿಸಿಕೊಂಡರೆ ಬಾಲಕಿಯರು ಕಾದಾಡದೆ ಹಿಂದೆ ಸರಿಯುತ್ತಿದ್ದರು. 1999ರಲ್ಲಿ ಅಲ್ಲಿನ ಎರಡು ಉದ್ಯಾನಗಳನ್ನು ಮಾರ್ಪಡಿಸಿ, ಕಾಲುದಾರಿಗಳನ್ನು ಹೆಚ್ಚಿಸಿ, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್ ಆಟಕ್ಕೆ ಎಡೆಮಾಡಿ, ಬಯಲನ್ನು ಭಾಗಗಳಾಗಿ ವಿಂಗಡಿಸಲಾಯಿತು. ಬಾಲಕಿಯರು ಮರಳಿ ಬಂದರು. ಸ್ಥಳವನ್ನು ತಿದ್ದಿದರೆ ಸಂಕೋಚವೂ ಕರಗುತ್ತದೆಂಬುದಕ್ಕೆ ಇದು ನಿದರ್ಶನ.

ವಲಸೆ ಬಂದ ಸ್ತ್ರೀಯರಿಗೆ ಸ್ಥಳವೊಂದೇ ಸಾಲದು, ಕೈಹಿಡಿಯುವವರೂ ಬೇಕು. ನೆದರ್ಲೆಂಡ್ಸ್ ದೇಶದಲ್ಲಿ ಜನಸಂಖ್ಯೆಗಿಂತ ಸೈಕಲ್ಲುಗಳೇ ಹೆಚ್ಚು. ಆದರೆ ಟರ್ಕಿ, ಮೊರಾಕೊ ದೇಶಗಳಿಂದ ಬಂದು ನೆಲೆಸಿದ ಅನೇಕ ಸ್ತ್ರೀಯರು ಬಾಲ್ಯದಲ್ಲಿ ಸೈಕಲ್ ತುಳಿದವರಲ್ಲ. ಅಂಥವರಿಗಾಗಿ ಅಲ್ಲಿ ಹಲವು ದಶಕಗಳಿಂದ ತರಗತಿಗಳು ನಡೆದುಬಂದಿವೆ. ಜರ್ಮನಿಯ ಬರ್ಲಿನ್ನಿನಲ್ಲಿ 2015ರಲ್ಲಿ ಆರಂಭವಾದ 'ಬೈಕಿಗೀಸ್' ಸಂಸ್ಥೆಯು ನಿರಾಶ್ರಿತ ಸ್ತ್ರೀಯರಿಗೆ ಸೈಕಲ್ ಸವಾರಿಯೊಡನೆ ರಸ್ತೆಯ ನಿಯಮಗಳನ್ನೂ ಕಲಿಸುತ್ತ ಬಂದಿದೆ. ಆಸನವನ್ನು ತಗ್ಗಿಸಿ, ಪಾದಗಳಿಂದ ನೆಲವನ್ನು ತಳ್ಳುತ್ತ ಮೊದಲು ಸಮತೋಲನವನ್ನು ಸಾಧಿಸಬೇಕು, ತುಳಿಯುವುದು ಅನಂತರ. ಎಡ, ಬಲ, ನಿಲ್ಲು ಎಂಬ ಮಾತುಗಳೊಡನೆ ಹೊಸ ಭಾಷೆಯೂ ನಾಲಿಗೆಗೆ ಹತ್ತುತ್ತದೆ. ಸವಾರಿ ಕಲಿತವಳು ಪೇಟೆಗೂ ಭಾಷೆಯ ತರಗತಿಗೂ ಇನ್ನೊಬ್ಬರನ್ನು ಕಾಯದೆ ಹೋಗಬಲ್ಲಳು.

ಆದರೂ ಸೈಕಲ್ಲು ಬೀದಿಯವರೆಗೆ ಮಾತ್ರ ಒಯ್ಯಬಲ್ಲದು. ಬೀದಿಯಲ್ಲಿ ಎದುರಾದವರು ಮುಖ ತಿರುಗಿಸಿದರೆ ಅವಳು ಮತ್ತೆ ಒಂಟಿಯೇ. ಬಂದವಳು ಹೆಜ್ಜೆಯಿಡಬೇಕು, ಇದ್ದವರು ನಗುಮೊಗದಿಂದ ಎದುರುಗೊಳ್ಳಬೇಕು.

ಇದು ಪರರ ಕಥೆಯಷ್ಟೇ ಅಲ್ಲ. ನಮ್ಮ ಮನೆಗಳ ಸೊಸೆಯಂದಿರೂ ಮಗನ ಮನೆಗೆಂದು ಹೋದ ತಾಯಂದಿರೂ ಇಂದು ದೂರದೇಶಗಳಲ್ಲಿದ್ದಾರೆ. ದೂರವಾಣಿಯಲ್ಲಿ 'ಊಟವಾಯಿತೆ' ಎಂದು ಕೇಳುವ ನಾವು, 'ಇಂದು ಹೊರಗೆ ನಡೆದಾಡಿದೆಯಾ? ಯಾರೊಡನೆ ಮಾತನಾಡಿದೆ?' ಎಂದೂ ಕೇಳೋಣ. ಹಾಗೆಯೇ ದುಡಿಮೆಗಾಗಿ ನಮ್ಮ ಊರಿಗೆ ಬಂದ ಪರಭಾಷೆಯ ಸಹೋದರಿಯು ಸಂಜೆ ಉದ್ಯಾನದಲ್ಲಿ ಎದುರಾದರೆ, ಮೊದಲ ಮಾತು ನಮ್ಮದಾಗಿರಲಿ.