ಒಪ್ಪಿಸಿದ ಪಾಠ ಉಳಿಯುತ್ತದೆ

"ಅರ್ಥವಾಯಿತೆ?" ಎಂದು ಉಪಾಧ್ಯಾಯರು ಕೇಳುತ್ತಾರೆ, "ಆಯಿತು ಸಾರ್" ಎಂದು ತರಗತಿ ಒಕ್ಕೊರಲಿನಿಂದ ಉತ್ತರಿಸುತ್ತದೆ. ಚಿತ್ರದುರ್ಗವಾಗಲಿ ಹೊಸದುರ್ಗವಾಗಲಿ, ಈ ಪ್ರಶ್ನೋತ್ತರ ಒಂದೇ. ವಾರ ಕಳೆದು ಅದನ್ನೇ ಕೇಳಿದರೆ ಮೌನ. ದೋಷವೆಲ್ಲ ಹುಡುಗರ ಬುದ್ಧಿಯದೆಂಬ ತೀರ್ಮಾನ ಸುಲಭವಾದುದು. ಆದರೆ ಮನೋವಿಜ್ಞಾನವನ್ನು ಬೋಧಿಸುವವರಿಗೆ ಅದು ಶೋಭಿಸದು.

ಈ ಶಾಸ್ತ್ರ ಕನ್ನಡ ನಾಡಿಗೆ ಹೊಸದಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿಯೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ತೆರೆದರು. ೧೯೩೫ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನೂ ಆರಂಭಿಸಿ ವಿದ್ಯೆಯನ್ನು ಗೋಡೆಗಳಾಚೆಗೆ ಒಯ್ದರು. ಆ ಪರಂಪರೆಯ ಬೋಧಕನು ತನ್ನ ಶಾಸ್ತ್ರವನ್ನು ಮೊದಲು ತನ್ನ ತರಗತಿಗೇ ಅನ್ವಯಿಸಬೇಡವೆ?

ಕಲಿತುದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಮರೆವಿಗೆ ಸಲ್ಲುತ್ತದೆಂದು ಎಬ್ಬಿಂಗ್‌ಹೌಸ್ ೧೮೮೫ರಲ್ಲಿ ತೋರಿಸಿದನು. ಇದಕ್ಕೆ ಪರಿಹಾರವೇನು? ೨೦೦೬ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಓದಿಸಿದರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ನೋಡದೆ ನೆನಪಾದುದನ್ನು ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದು. ವಾರದ ಬಳಿಕ ಫಲ ತಿರುಗಿತು: ಓದಿದವರಿಗೆ ಉಳಿದುದು ನೂರಕ್ಕೆ ೪೨, ನೆನೆದು ಬರೆದವರಿಗೆ ೫೬. ಮರಳಿ ಓದಿದಾಗ ಪಾಠ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ತಿಳಿವೆಂದು ಭ್ರಮಿಸುತ್ತೇವೆ.

ಹಿಂದಿನ ಕೂಲಿಮಠದ ಐಗಳು ದಿನವೂ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ದೋಷವಿದ್ದುದು ಒಪ್ಪಿಸುವುದರಲ್ಲಲ್ಲ, ಬೆತ್ತದ ಭಯದಲ್ಲಿ, ಅರ್ಥ ಕೇಳದ ಬಾಯಿಪಾಠದಲ್ಲಿ. ಬಾಯಿಪಾಠವನ್ನು ಹಳಿಯುವ ಭರದಲ್ಲಿ ನಾವು ಒಪ್ಪಿಸುವುದನ್ನೂ ಕೈಬಿಟ್ಟೆವು.

ಆದುದರಿಂದ ಪ್ರತಿ ಪಾಠದ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ, ತಿಳಿದುದನ್ನು ಸ್ವಂತ ಮಾತಿನಲ್ಲಿ ಬರೆಯಿಸಬೇಕು. ಅಂಕ ಬೇಡ, ತಪ್ಪಿದ್ದಲ್ಲಿ ಅಂದೇ ತಿದ್ದಬೇಕು. ಮರುದಿನ, ಮರುವಾರ ಮತ್ತೆ ಕೇಳಬೇಕು. ಹಿರಿಯೂರಿನ ಹುಡುಗನನ್ನು ವಾಣಿವಿಲಾಸ ಸಾಗರ ಮುಗಿದುದು ಯಾವ ವರ್ಷವೆಂದು ಕೇಳಿದರೆ ೧೯೦೭ ಎಂದಾನು. ವೇದಾವತಿಗೆ ಅಣೆಕಟ್ಟಲು ಬೆಟ್ಟಗಳ ನಡುವಣ ಕಣಿವೆಯನ್ನೇ ಏಕೆ ಆರಿಸಿದರೆಂದು ಕೇಳಿದರೆ ಯೋಚಿಸಿಯಾನು.

ಪಾಠಪಟ್ಟಿ ಮುಗಿಯುವುದೆಂತು ಎಂಬ ಆಕ್ಷೇಪ ಬರುವುದು ಸಹಜ. ಹೇಳಿ ಮುಗಿಸಿದರೂ ಮರೆತುಹೋದ ಪಾಠ ಮುಗಿದಂತಾಯಿತೆ? ಹೊಳಲ್ಕೆರೆಯ ಹಳ್ಳಿಯೊಂದರಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಮನೆಯಲ್ಲಿ ಪಾಠ ಕೇಳುವವರಿಲ್ಲದಿರಬಹುದು, ಮನೆಪಾಠಕ್ಕೆ ಹಣವಿಲ್ಲದಿರಬಹುದು. ಆಕೆಯನ್ನು ಕೇಳುವವರು ತರಗತಿಯ ಉಪಾಧ್ಯಾಯರೊಬ್ಬರೇ. ಅವರೂ ಕೇಳದೆ ಹೋದರೆ ಆಕೆಯ ಅರಿವನ್ನು ಮೊದಲು ಕೇಳುವುದು ವರ್ಷಾಂತ್ಯದ ಪರೀಕ್ಷೆ. ಆಗ ತಿದ್ದಿಕೊಳ್ಳಲು ಕಾಲವಿರುವುದಿಲ್ಲ.